ಬೇಲಿಯಲ್ಲೊಂದು ಕಿಂಡಿ

ಬ್ರಿಟನ್ನಿನ ಹಿತ್ತಲುಗಳಲ್ಲಿ ರಾತ್ರಿ ಹೊತ್ತು ಓಡಾಡುವ ಹೆಡ್ಜ್‌ಹಾಗ್ ನಮ್ಮ ಮುಳ್ಳುಹಂದಿಯ ಬಳಗದ್ದಲ್ಲ. ಮುಳ್ಳುಹಂದಿ ಗೆಡ್ಡೆಗೆಣಸು ಮೆಲ್ಲುವ ದಂಶಕ. ಗೇಣುದ್ದದ ಹೆಡ್ಜ್‌ಹಾಗ್ ಜೀರುಂಡೆ, ಕಂಬಳಿಹುಳು, ಎರೆಹುಳುಗಳನ್ನು ತಿಂದು ಬದುಕುತ್ತದೆ. ಹೆದರಿದಾಗ ಸಾವಿರಾರು ಮುಳ್ಳುಗಳೊಳಗೆ ಮೈ ಸುರುಳಿ ಸುತ್ತಿಕೊಳ್ಳುತ್ತದೆ. ನರಿಯೆದುರು ಆ ಉಪಾಯ ನಡೆದೀತು, ಕಾರಿನ ಚಕ್ರದೆದುರು ನಡೆಯದು. 2020ರಲ್ಲಿ ಇದು ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿಗೆ ಸೇರಿತು. 2022ರ ವರದಿಯ ಪ್ರಕಾರ 2000ದಿಂದೀಚೆಗೆ ಹಳ್ಳಿಗಾಡಿನಲ್ಲಿ ಇವುಗಳ ಸಂಖ್ಯೆ ಶೇ. 30ರಿಂದ 75ರಷ್ಟು ಕುಸಿದಿದೆ. ಪಟ್ಟಣಗಳಲ್ಲಿ ಮಾತ್ರ ಕುಸಿತ ನಿಂತು, ಚೇತರಿಕೆಯ ಸೂಚನೆ ಕಾಣುತ್ತಿದೆ.

ಈ ಪ್ರಾಣಿಯನ್ನು ಉಳಿಸುವುದು ಒಬ್ಬೊಬ್ಬರ ಕರುಣೆಯಿಂದ ಆಗುವ ಕೆಲಸವಲ್ಲ, ನೆರೆಹೊರೆಯ ಒಪ್ಪಂದದಿಂದ ಆಗುವ ಕೆಲಸ. ಆಹಾರಕ್ಕೂ ಸಂಗಾತಿಗೂ ಅದು ಒಂದು ರಾತ್ರಿಗೆ ಒಂದೆರಡು ಕಿಲೋಮೀಟರ್ ಅಲೆಯುತ್ತದೆ. ಎಷ್ಟೇ ಸೊಗಸಾದ ಹಿತ್ತಲಾದರೂ ಒಂದೇ ಸಾಲದು. ಸಂದಿಲ್ಲದಂತೆ ಹಲಗೆ ಬಡಿದ ಬೇಲಿ, ಬುಡಕ್ಕೆ ಕಾಂಕ್ರೀಟು ಬಂದಮೇಲೆ ಹುಳುಹುಪ್ಪಟೆಯಿರುವ ತೋಟವೂ ಅದರ ಪಾಲಿಗೆ ಇಲ್ಲದಂತೆಯೇ. ಹಾಗಾಗಿಯೇ 2011ರಲ್ಲಿ ಎರಡು ಸಂರಕ್ಷಣಾ ಸಂಸ್ಥೆಗಳು ಸೇರಿ ಆರಂಭಿಸಿದ ‘ಹೆಡ್ಜ್‌ಹಾಗ್ ಸ್ಟ್ರೀಟ್’ ಅಭಿಯಾನ ಜನರ ಮುಂದಿಟ್ಟ ಮುಖ್ಯ ಬೇಡಿಕೆ ತೀರಾ ಸಣ್ಣದು: ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ. ಪ್ರಾಣಿ ಸಲೀಸಾಗಿ ನುಸುಳುತ್ತದೆ, ಸಾಕುನಾಯಿಗಳಲ್ಲಿ ಹೆಚ್ಚಿನವು ನುಸುಳಲಾರವು. ಆದರೆ ನನ್ನ ಕಿಂಡಿಗೆ ಬೆಲೆ ಬರುವುದು ಪಕ್ಕದ ಮನೆಯವರೂ ಅದರಾಚೆಯವರೂ ಕೊರೆದಾಗಲೇ. ಬಟ್ಟಲಲ್ಲಿ ಹಾಲಿಡುವ ಹಳೆಯ ಅಕ್ಕರೆ ಇದರ ಮುಂದೆ ಏನೂ ಅಲ್ಲ. ಹಾಲು ಅದಕ್ಕೆ ಜೀರ್ಣವಾಗದೆ ಹೊಟ್ಟೆ ಕೆಡಿಸುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಹೆಡ್ಜ್‌ಹಾಗನ್ನು ತಿನ್ನುವ, ಅದರ ಆಹಾರಕ್ಕೂ ಪೈಪೋಟಿ ನಡೆಸುವ ಬ್ಯಾಜರ್ ಎಂಬ ಪ್ರಾಣಿ ಇರುವಾಗ ಕಿಂಡಿ ಕೊರೆದು ಏನು ಫಲ? ಇಂಗ್ಲೆಂಡ್ ಮತ್ತು ವೇಲ್ಸ್‌ನ 261 ಗ್ರಾಮೀಣ ಜಾಗಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆ ಉತ್ತರಕ್ಕೆ ನೆರವಾಗುತ್ತದೆ. ಇಂಥ ಸಮೀಕ್ಷೆಯಲ್ಲಿ ಸುರಂಗದಂಥ ಉದ್ದನೆಯ ಪೆಟ್ಟಿಗೆಯ ನಡುವೆ ತಿನಿಸಿಟ್ಟು, ಅದರ ಎರಡೂ ಬದಿಗೆ ಎಣ್ಣೆಯಲ್ಲಿ ಕಲಸಿದ ಇದ್ದಿಲ ಮಸಿ ಬಳಿದು, ತುದಿಗಳಲ್ಲಿ ಬಿಳಿ ಕಾಗದ ಹಾಸುತ್ತಾರೆ. ತಿಂದು ಹೋದ ಪ್ರಾಣಿ ಹೆಜ್ಜೆ ಮೂಡಿಸಿ ಹೋಗಿರುತ್ತದೆ. ಹೆಡ್ಜ್‌ಹಾಗಿನ ಗುರುತು ಸಿಕ್ಕಿದ್ದು ಐದರಲ್ಲೊಂದು ಜಾಗದಲ್ಲಿ. ಬ್ಯಾಜರ್ ಇದ್ದಲ್ಲಿ ಅದು ವಿರಳ ಎಂಬುದು ನಿಜವೇ. ಆದರೆ ಕಾಲುಭಾಗಕ್ಕೂ ಹೆಚ್ಚು ಜಾಗಗಳಲ್ಲಿ ಎರಡೂ ಇರಲಿಲ್ಲ! ಬೇಟೆಗಾರನೇ ಇಲ್ಲದ ಕಡೆ ಬೇಟೆಯೂ ಇಲ್ಲವೆಂದರೆ ಕೆಟ್ಟಿರುವುದು ನೆಲವೇ. ಹೊಲದಂಚಿನ ಪೊದೆಬೇಲಿಗಳನ್ನು ಕಿತ್ತು, ಕೀಟನಾಶಕ ಸುರಿದ ಭೂಮಿಯಲ್ಲಿ ಎರಡಕ್ಕೂ ಹೊಟ್ಟೆಗಿಲ್ಲ.

ಹಾಗಾದರೆ ಇಲ್ಲದ ಕಡೆಗೆ ಹೆಡ್ಜ್‌ಹಾಗುಗಳನ್ನು ಹಿಡಿದು ತಂದು ಬಿಟ್ಟರಾಗದೇ ಎನ್ನುವವರು ಸ್ಕಾಟ್ಲೆಂಡಿನ ದಕ್ಷಿಣ ಯುಯಿಸ್ಟ್ ದ್ವೀಪವನ್ನು ನೋಡಬೇಕು. ಗೊಂಡೆಹುಳುಗಳ ಕಾಟ ತಡೆಯಲೆಂದು 1974ರಲ್ಲಿ ಅಲ್ಲಿ ಬಿಟ್ಟ ಹೆಡ್ಜ್‌ಹಾಗುಗಳ ಸಂತತಿ ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳ ಮೊಟ್ಟೆಗೆ ಬಾಯಿ ಹಾಕಿತು. ಇರುವ ಕಡೆಯೇ ದಾರಿ ಮಾಡಿಕೊಡುವುದು ವಿವೇಕ. ಆದರೂ ಪಟ್ಟಣದ ಚೇತರಿಕೆಗೆ ಕಿಂಡಿಗಳೇ ಕಾರಣವೆಂದು 2022ರ ವರದಿಯ ಅಂಕಿಗಳು ಸಾಧಿಸುವುದಿಲ್ಲ. ಪಟ್ಟಣದ ಕಿಂಡಿ ಹಳ್ಳಿಯ ಹೊಲವನ್ನು ಸರಿಪಡಿಸುವುದೂ ಇಲ್ಲ. ಅಲ್ಲಿ ಪೊದೆಬೇಲಿ ಮತ್ತೆ ದಟ್ಟವಾಗಬೇಕು, ಹೊಲದಂಚಿಗೆ ಉಳದ ಹುಲ್ಲುಪಟ್ಟಿ ಬೇಕು, ಅದೂ ಜಮೀನಿನಿಂದ ಜಮೀನಿಗೆ ಕೂಡಿಕೊಂಡಿರಬೇಕು. ಅಕ್ಕಪಕ್ಕದ ರೈತರು ಗುಂಪುಗೂಡಿ ನಿಸರ್ಗಕ್ಕಾಗಿ ದುಡಿಯುವ ಪದ್ಧತಿ ಇಂಗ್ಲೆಂಡಿನಲ್ಲಿ ಈಗಾಗಲೇ ಇದೆ. ಹಿತ್ತಲಿನ ಕಿಂಡಿಗೆ ಸಿಕ್ಕಿರುವ ಉತ್ಸಾಹ ಆ ಗುಂಪುಗಳಿಗೂ ಸಿಗಬೇಕು, ಜೊತೆಗೆ ಸರ್ಕಾರದ ಹಣವೂ.