ಹೊಸ ಲ್ಯಾಪ್‌ಟಾಪ್: ತಗೋಳೋದೋ, ತಡೆಯೋದೋ?

ನಮ್ಮ ಅಕ್ಕಲಕೋಟೆಯ ಅಡತಿ ಅಂಗಡಿಯಲ್ಲಿ 2025ರಲ್ಲಿ ತೊಗರಿ ಧಾರಣಿಯಷ್ಟೇ ಮಾತಿಗೆ ಬಂದದ್ದು ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರ ಆಸರೆ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು; ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದಾದರೂ ಇರಬೇಕು. ನನ್ನದು ಆರನೆಯದು. ಎಂಟು ವರ್ಷದ ಲೆಕ್ಕ, ಮರಾಠಿ-ಕನ್ನಡ ಎರಡರಲ್ಲೂ ಬರೆದ ಪಟ್ಟಿ, ಎಲ್ಲಾ ಅದರಲ್ಲೇ.

“ಜಿಎಸ್‌ಟಿ ಇಳೀತದ, ತಡೀರಿ” ಅಂದರು ಪಕ್ಕದಂಗಡಿ ಸಾವಕಾರರು. ಸೆಪ್ಟೆಂಬರ್ 22ರಂದು ಇಳಿದದ್ದು ಏಸಿ, ದೊಡ್ಡ ಟಿವಿಗಳ ತೆರಿಗೆ, ಶೇಕಡಾ 28ರಿಂದ 18ಕ್ಕೆ. ಲ್ಯಾಪ್‌ಟಾಪಿಗೆ ಮೊದಲೇ 18 ಇತ್ತು, ಹಾಗೇ ಉಳಿಯಿತು. “ಹೊಸ ಮಾಡೆಲ್ ಬಂದ್ರ ಹಳೇದು ಸಸ್ತಾ ಆಗ್ತದ” ಎಂಬುದು ಅವರ ಮುಂದಿನ ಅಂದಾಜು. ನಾನು ಕಾಯಲಿಲ್ಲ, ದೀಪಾವಳಿ ಪೂಜೆಗೇ 16 ಜಿಬಿಯದೊಂದು ತಂದೆ.

ವರ್ಷದ ಕೊನೆಗೆ ರ‍್ಯಾಮ್ ದರವೇ ಏರಿತು. ಎಐ ನಡೆಸುವ ದೊಡ್ಡ ಕಂಪನಿಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಿದ್ದವು. ಮಾಲು ಕಡಿಮೆ, ಗಿರಾಕಿ ದೊಡ್ಡವ. ಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಸಾವಕಾರರು ಹಳೆಯದಕ್ಕೇ ಹೆಚ್ಚುವರಿ ಭದ್ರತಾ ಅಪ್‌ಡೇಟ್ ನೋಂದಾಯಿಸಿ 2026ರ ಅಕ್ಟೋಬರ್ 13ರ ತನಕ ವಾಯಿದೆ ಪಡೆದರು. “ಅಷ್ಟೊತ್ತಿಗೆ ಇಳೀತದ ಬಿಡ್ರಿ” ಅಂದರು.