ಪೇಸ್ಟ್ ಯಾಕೆ ಮಸುಕಾಗುತ್ತದೆ?

ಪ್ರಶ್ನೆ: ನೋಟ್‌ಪ್ಯಾಡ್‌ನ ಎಡಿಟ್ ಮೆನುವಿನಲ್ಲಿ ‘ಪೇಸ್ಟ್’ ಒಮ್ಮೊಮ್ಮೆ ಮಸುಕಾಗಿರುತ್ತದೆ. ಅದು ಈಗ ಉಪಯೋಗಕ್ಕಿಲ್ಲ ಎಂದು ಕಂಪ್ಯೂಟರಿಗೆ ಮೊದಲೇ ಹೇಗೆ ಗೊತ್ತು?

ಉತ್ತರ: ಮೊದಲೇ ಗೊತ್ತಿರುವುದಿಲ್ಲ, ನೀವು ಮೆನು ಒತ್ತಿದ ಮೇಲೇ ವಿಚಾರಣೆ. ಮೆನು ಬಿಚ್ಚಿಕೊಳ್ಳುವ ಮುನ್ನ ವಿಂಡೋಸ್ ಪ್ರೋಗ್ರಾಮಿಗೊಂದು ಸಂದೇಶ ಕಳಿಸುತ್ತದೆ. ಪ್ರೋಗ್ರಾಮು ಕ್ಲಿಪ್‌ಬೋರ್ಡಿನಲ್ಲಿ ಇಣುಕಿ ನೋಡುತ್ತದೆ. ಕಾಪಿ ಮಾಡಿದ್ದು ಅಕ್ಷರವಾದರೆ ಪೇಸ್ಟ್ ಕಪ್ಪು. ಬರೀ ಫೋಟೊ ಇದ್ದರೆ ಬೂದು.

ಟೂಲ್‌ಬಾರ್ ಪಾಡು ಬೇರೆ. ಅದು ಸದಾ ಕಣ್ಣೆದುರು ಇರುವುದರಿಂದ ‘ತೆರೆಯುವ ಮುನ್ನ’ ಎಂಬ ಗಳಿಗೆಯೇ ಇಲ್ಲ. ಮೈಕ್ರೋಸಾಫ್ಟ್ 1992ರಲ್ಲಿ ಪ್ರೋಗ್ರಾಮರುಗಳಿಗೆ ಕೊಟ್ಟ ಎಂಎಫ್‌ಸಿ ಎಂಬ ಸಿದ್ಧ ಕೋಡ್‌ ಸಂಗ್ರಹದ ಉಪಾಯ ನನಗೆ ಬಹಳ ಇಷ್ಟ: ಕೀಬೋರ್ಡ್, ಮೌಸ್ ಕೆಲಸವೆಲ್ಲ ಮುಗಿದು ಪ್ರೋಗ್ರಾಮು ಸುಮ್ಮನೆ ಕೂತ ಕ್ಷಣದಲ್ಲಿ ಒಂದೊಂದೇ ಗುಂಡಿಯ ಸ್ಥಿತಿ ವಿಚಾರಿಸಿ ಸರಿಪಡಿಸುವುದು. ಮೆನುವಿನ ಪೇಸ್ಟಿಗೂ ಟೂಲ್‌ಬಾರ್ ಪೇಸ್ಟಿಗೂ ಒಂದೇ ಗುರುತಿನ ಸಂಖ್ಯೆ ಕೊಟ್ಟರಾಯಿತು, ಎರಡಕ್ಕೂ ಒಂದೇ ಕೋಡ್ ಸಾಕು. ಕೆಳಗೆ ಸ್ಟೇಟಸ್ ಬಾರ್‌ನಲ್ಲಿ ಕ್ಯಾಪ್ಸ್ ಲಾಕ್ ಸೂಚನೆ ಮೂಡುವುದೂ ಇದೇ ಬಿಡುವಿನಲ್ಲಿ.

ಬೂದು ಮಾಡಿದವರು ಕಾರಣ ಮಾತ್ರ ಹೇಳುವುದಿಲ್ಲ, ಅದೊಂದು ಕಿರಿಕಿರಿ. ಆದರೂ ಅಪರೂಪಕ್ಕೆ ಬಳಸುವ ಆಯ್ಕೆಗಳನ್ನು ಮೆನುವಿನಲ್ಲಿ ಬಚ್ಚಿಡುತ್ತಿದ್ದ ಆಫೀಸ್ 2000ರ ಪದ್ಧತಿಗಿಂತ ಇದು ಎಷ್ಟೋ ವಾಸಿ.