ಮಾಡಿ ಕಲಿಯುವ ಪಾಠಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಪ್ರಾಥಮಿಕ ವಿಭಾಗದ ಕಡೆಗೆ ಬಂದಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವುದುಂಟು. ಒಂದು ತರಗತಿಯಲ್ಲಿ ಹುಡುಗಿಯರು ನೆಲದ ಮೇಲೆ ಕುಳಿತು ಎಲೆ ತೂಗುತ್ತಿರುತ್ತಾರೆ. ಇನ್ನೊಂದರಲ್ಲಿ ಅಂಗಡಿ ಹೂಡಿಕೊಂಡು ಹುಣಿಸೆಬೀಜವನ್ನು ಅಳೆದು ಮಾರುತ್ತಿರುತ್ತಾರೆ. ಮತ್ತೊಂದು ಗುಂಪು ಅಂಗಳದಲ್ಲಿ ಧ್ವಜಸ್ತಂಭದ ನೆರಳಿಗೆ ದಾರ ಹಿಡಿದು ನಿಂತಿರುತ್ತದೆ. “ಪಾಠ ಯಾವಾಗ ನಡೆಯುತ್ತದೆ, ಮಿಸ್?” ಎಂದು ಬಂದವರು ವಿನಯದಿಂದಲೇ ಕೇಳುತ್ತಾರೆ. ಇದೇ ಪಾಠವೆಂದು ನಾವು ಹೇಳಿದರೆ ಸುಮ್ಮನಾಗುತ್ತಾರೆ. ಆದರೆ ಒಪ್ಪಿದರೆಂದು ಹೇಳಲಾಗದು. ಕಷ್ಟಪಟ್ಟು ದುಡಿದು ಮಗಳನ್ನು ಶಾಲೆಗೆ ಕಳುಹಿಸುವವರಿಗೆ ಇಂಥ ಸಂಶಯ ಬರುವುದು ನ್ಯಾಯವೇ ಸರಿ. ಆದುದರಿಂದ ಈ ಸಂಚಿಕೆಯಲ್ಲಿ ಅದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಕೊಡಬೇಕೆಂದಿದ್ದೇವೆ.

ಇದು ನಾವು ಕಂಡುಹಿಡಿದ ಹೊಸ ಪದ್ಧತಿಯಲ್ಲ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಫ್ರೋಬೆಲ್ ಎಂಬವರು ಎಳೆಯ ಮಕ್ಕಳಿಗಾಗಿ ಆಟ ಮತ್ತು ಕೈಗೆಲಸಗಳ ಶಾಲೆಯನ್ನು ತೆರೆದರು; ಇಂದಿಗೂ ನಾವು ಬಳಸುವ ಕಿಂಡರ್‌ಗಾರ್ಟನ್ ಎಂಬ ಹೆಸರು ಅವರು ಇಟ್ಟದ್ದೇ. 1896ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಜಾನ್ ಡ್ಯೂಯಿ ಪಂಡಿತರು ನಡೆಸಿದ ಶಾಲೆಯಲ್ಲಿ ಮಕ್ಕಳು ಅಡಿಗೆ, ನೇಯಿಗೆ, ಬಡಗಿಯ ಕೆಲಸಗಳ ಮೂಲಕ ಚರಿತ್ರೆಯನ್ನೂ ವಿಜ್ಞಾನವನ್ನೂ ಕಲಿತರು. ಅಲ್ಲಿಯ ಒಂದು ಸಂಗತಿ ನಮಗೆ ಬಹಳ ಹಿಡಿಸಿದೆ. ಒಂದು ಮಗು ಅರ್ಧ ಗಂಟೆಯವರೆಗೆ ಹತ್ತಿಯ ಕಾಯಿಯಿಂದ ಕೈಯಲ್ಲೇ ಬೀಜ ಬಿಡಿಸಿತು. ಆದರೆ ಅದಕ್ಕೆ ಸಿಕ್ಕಿದ ಅರಳೆ ಒಂದು ಔನ್ಸಿನಷ್ಟೂ ಆಗಲಿಲ್ಲ. ಪೂರ್ವಕಾಲದ ಜನರು ಹತ್ತಿಗಿಂತ ಉಣ್ಣೆಯನ್ನೇ ಹೆಚ್ಚಾಗಿ ಉಟ್ಟದ್ದು ಯಾಕೆಂಬುದು ಆ ಮಕ್ಕಳಿಗೆ ಪುಸ್ತಕವಿಲ್ಲದೆ ತಿಳಿಯಿತು. ಡ್ಯೂಯಿಯವರ ಶಿಷ್ಯರಾದ ಕಿಲ್‌ಪ್ಯಾಟ್ರಿಕ್ ಎಂಬವರು 1918ರಲ್ಲಿ ‘ಪ್ರಾಜೆಕ್ಟ್’ ಪದ್ಧತಿಯನ್ನು ಕುರಿತು ಬರೆದ ಲೇಖನದಿಂದ ಆ ಮಾತು ಲೋಕಕ್ಕೆಲ್ಲ ಹಬ್ಬಿತು. 1920ರ ದಶಕದಲ್ಲಿ ಪಂಜಾಬಿನ ಮೋಗಾ ಎಂಬಲ್ಲಿಯ ಮಿಷನ್ ಶಾಲೆ ಅದನ್ನು ಹಳ್ಳಿಯ ಮಕ್ಕಳಿಗೆ ಒಗ್ಗಿಸಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ಶಿಕ್ಷಣದ ನಡುವೆ ಇಟ್ಟರು. ನಮ್ಮ ನಾಡಿನಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ ಕಲಿ’ಯನ್ನು ಎಲ್ಲರೂ ಬಲ್ಲರು. ಮಕ್ಕಳು ಚಟುವಟಿಕೆ, ಶೋಧನೆಗಳ ಮೂಲಕ ಕಲಿಯಬೇಕೆಂಬುದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 29ನೆಯ ಕಲಮಿನಲ್ಲಿಯೇ ಇದೆ. ಹೆಸರುಗಳನ್ನು ಇಷ್ಟಕ್ಕೆ ಬಿಡೋಣ. ಹೆಸರುಗಳಿಂದ ಯಾವ ತಾಯಿಗೂ ಸಮಾಧಾನವಾಗದು.

ನಮ್ಮ ನಾಲ್ಕನೆಯ ತರಗತಿಯಲ್ಲಿ ಕಳೆದ ವರ್ಷ ನಡೆದ ಒಂದು ಕೆಲಸವನ್ನು ಇದ್ದದ್ದಿದ್ದಂತೆ ಹೇಳುವೆವು. ಮೈಸೂರು ಸೀಮೆಯವರಾದ ನಮಗೆ ರೇಷ್ಮೆ ಹೊಸದಲ್ಲ. ಟಿಪ್ಪೂ ಸುಲ್ತಾನನ ಕಾಲದಿಂದ ಈ ಬೆಳೆ ಇಲ್ಲಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಆರಂಭವಾಯಿತು. ಹಾಗಿದ್ದರೂ ಪಟ್ಟಣದ ಮಕ್ಕಳಲ್ಲಿ ಹುಳುವನ್ನು ಕಣ್ಣಾರೆ ಕಂಡವರು ತರಗತಿಗೆ ಇಬ್ಬರೋ ಮೂವರೋ. ನಮ್ಮ ಉಪಾಧ್ಯಾಯಿನಿಯರು ಎರಡನೆಯ ಜ್ವರ ಎದ್ದ 100 ಹುಳುಗಳನ್ನು ತರಿಸಿ ಬಿದಿರಿನ ತಟ್ಟೆಯಲ್ಲಿ ಬಿಟ್ಟರು. ಜ್ವರವೆಂದರೆ ಕಾಯಿಲೆಯಲ್ಲ. ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ನಿಂತು ಹಳೆಯ ಚರ್ಮವನ್ನು ಕಳಚುತ್ತದೆ. ಅದನ್ನು ನಮ್ಮ ರೈತರು ಜ್ವರವೆನ್ನುತ್ತಾರೆ. ಮೂರನೆಯ ಜ್ವರ ಬಂದ ದಿನ ಹುಳುಗಳು ಸತ್ತವೆಂದು ತಿಳಿದು ಒಬ್ಬ ಹುಡುಗಿ ಅತ್ತಳು. ಮರುದಿನ ಅವು ಎದ್ದು ಎಲೆ ಕಡಿಯುವ ಸದ್ದನ್ನು ಎಲ್ಲರಿಗಿಂತ ಮೊದಲು ಕೇಳಿದವಳೂ ಅವಳೇ.

ಮೊಟ್ಟೆಯಿಂದ ಹೊರಬಂದಾಗ ಸುಮಾರು 3 ಮಿಲಿಮೀಟರು ಇರುವ ಹುಳು ಇಪ್ಪತ್ತೈದು ದಿನಗಳೊಳಗಾಗಿ 7 ಸೆಂಟಿಮೀಟರು ಉದ್ದವಾಗಿ, ತೂಕದಲ್ಲಿ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ನಮ್ಮ ತಟ್ಟೆಯಲ್ಲಿ ಅದರ ಹದಿನಾರು ದಿನಗಳ ಬೆಳವಣಿಗೆಯನ್ನು ಕಂಡೆವು. ಹೈಸ್ಕೂಲಿನ ಪ್ರಯೋಗಶಾಲೆಯಿಂದ ತಕ್ಕಡಿ ಬಂತು. ಮಕ್ಕಳು ಗುಂಪುಗುಂಪಾಗಿ ಸರದಿಯ ಮೇಲೆ ಹಿಪ್ಪುನೇರಳೆ ಎಲೆಯನ್ನು ತೂಗಿ ಹಾಕಿ, ಮರುದಿನ ಉಳಿದ ಕಡ್ಡಿಯನ್ನು ತೂಗಿ ಕಳೆದರು. ಕಳೆಯುವ ಲೆಕ್ಕದಲ್ಲಿ ದಶಕ ಎರವಲು ತರುವುದು ತಿಳಿಯದೆ ಮೂರನೆಯ ತರಗತಿಯಿಂದ ಒದ್ದಾಡುತ್ತಿದ್ದವರು ಇಲ್ಲಿ ತಾವಾಗಿಯೇ ಕೇಳಿ ಕಲಿತರು. ಯಾಕೆಂದರೆ ಉತ್ತರ ತಪ್ಪಿದರೆ ಹುಳುವಿಗೆ ಮೇವು ಕಡಿಮೆಯಾಗುವುದು. ಕೊನೆಯ ಜ್ವರ ಎದ್ದ ಮೇಲೆ ಎಲೆ ಸಾಲದೆ ಬಂತು. ಹುಳು ತನ್ನ ಒಟ್ಟು ಮೇವಿನಲ್ಲಿ ಬಹುಪಾಲನ್ನು ಕೊನೆಯ ಏಳೆಂಟು ದಿನಗಳಲ್ಲೇ ತಿನ್ನುವುದೆಂಬ ಮಾತನ್ನು ನಾವು ಹೇಳಲಿಲ್ಲ. ಗೋಡೆಗೆ ಅಂಟಿಸಿದ ಚೌಕುಳಿ ಕಾಗದದ ಗೆರೆ ಒಮ್ಮೆಲೇ ಮೇಲಕ್ಕೆ ಏರಿದ್ದನ್ನು ಅವರೇ ನೋಡಿದರು. ಭಾನುವಾರಗಳಲ್ಲಿಯೂ ರಾತ್ರಿಯ ಹೊತ್ತಿನಲ್ಲಿಯೂ ಬೋರ್ಡಿಂಗಿನ ಅಕ್ಕಂದಿರು ಮೇವು ಹಾಕಿದರು. ಅವರಿಗೆ ಮಕ್ಕಳು ಬರೆದಿಟ್ಟ ಸೂಚನೆಗಳಲ್ಲಿ ಒಂದನ್ನು ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ: ಎಲೆ ಒದ್ದೆಯಿರಬಾರದು, ಔಷಧಿ ಹೊಡೆದ ಗಿಡದ್ದಿರಬಾರದು, ಹೊಗೆಸೊಪ್ಪು ಮುಟ್ಟಿದ ಕೈಯಿಂದ ತಟ್ಟೆಯನ್ನು ಮುಟ್ಟಕೂಡದು. ಕನ್ನಡ ರಚನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಿಷಯವನ್ನು ಯಾವ ಪುಸ್ತಕ ಕೊಟ್ಟೀತು? ಓದಿದವರು ಅದರಂತೆ ನಡೆಯಲೇಬೇಕಾದುದರಿಂದ ಪ್ರತಿಯೊಂದು ವಾಕ್ಯವನ್ನೂ ಮೂರು ಸಲ ತಿದ್ದಿದ್ದರು.

ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಾಗ 91 ಗೂಡು ಕಟ್ಟಿದವು. ಹತ್ತು ಗೂಡುಗಳನ್ನು ತೂಗಿದರು: 17 ಗ್ರಾಂ. ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಗೂಡು ಬೇಕೆಂದು ಉಪಾಧ್ಯಾಯಿನಿಯವರು ಹೇಳಿದರು. ಹಾಗಾದರೆ ಅರ್ಧ ಕಿಲೋ ತೂಗುವ ಅಮ್ಮನ ಸೀರೆಗೆ ಎಷ್ಟು ಗೂಡು? ನೂರಕ್ಕೆ 170, ಸಾವಿರಕ್ಕೆ 1,700, ಎರಡು ಸಾವಿರಕ್ಕೆ 3,400 ಗ್ರಾಂ ಎಂದು ಏರಿಸುತ್ತಾ ಹೋಗಿ, ಎರಡು ಸಾವಿರಕ್ಕೂ ಮೇಲೆ ಬೇಕೆಂದು ಕಂಡುಕೊಂಡರು. (ನೂಲಿನ ಅಂಟನ್ನು ತೆಗೆದಾಗ ತೂಕದಲ್ಲಿ ಸುಮಾರು ಕಾಲು ಭಾಗ ಹೋಗುವುದೆಂಬ ತೊಡಕನ್ನು ಐದನೆಯ ತರಗತಿಗೆ ಬಿಟ್ಟಿದ್ದೇವೆ.) ಒಂದು ಗೂಡಿನ ಎಳೆ ನೂರಾರು ಮೀಟರು ಇರುವುದು, ಒಳ್ಳೆಯ ತಳಿಯಲ್ಲಿ ಸಾವಿರದ ಹತ್ತಿರಕ್ಕೂ ಬರುವುದು ಎಂದಾಗ ಯಾರೂ ನಂಬಲಿಲ್ಲ.

ಆಗಲೇ ಒಬ್ಬ ಹುಡುಗಿ ಎದ್ದು, “ನೂಲು ತೆಗೆದರೆ ಒಳಗಿರುವ ಹುಳ ಏನಾಗುತ್ತೆ, ಮಿಸ್?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ಜಾರಿಸಿಬಿಡುವುದು ಸುಲಭ. ನಮ್ಮ ಉಪಾಧ್ಯಾಯಿನಿಯವರು ಜಾರಿಸಲಿಲ್ಲ. ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ, ಒಳಗಿನ ಜೀವ ಸಾಯುತ್ತದೆ. ಹಾಗೆ ಮಾಡದಿದ್ದರೆ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ, ಆಮೇಲೆ ಎಳೆ ಒಂದೇ ಸಮನೆ ಬರುವುದಿಲ್ಲ ಎಂದು ನೇರವಾಗಿ ತಿಳಿಸಿದರು. ತರಗತಿ ನಿಶ್ಶಬ್ದವಾಯಿತು. ಸಾಕಿದ ಹುಳುಗಳಿಗೆ ಕೆಲವರು ಹೆಸರು ಕೂಡ ಇಟ್ಟಿದ್ದರು. ಕೊಲ್ಲಬಾರದೆಂದು ಹಲವರು ಹಟಹಿಡಿದರು. ಆಗ ಕನಕಪುರದ ಕಡೆಯಿಂದ ಬಂದು ಬೋರ್ಡಿಂಗಿನಲ್ಲಿರುವ ಒಬ್ಬ ಹುಡುಗಿ, ಎಂದೂ ಮಾತನಾಡದವಳು, “ನಮ್ಮಪ್ಪ ಗೂಡು ಮಾರಿಯೇ ನನ್ನ ಫೀಸು ಕಟ್ಟೋದು” ಎಂದಳು. ಅವಳನ್ನು ಯಾರೂ ಕೆಟ್ಟವಳೆನ್ನಲಾರದೆ, ತಮ್ಮ ಮಾತನ್ನೂ ಬಿಡಲಾರದೆ, ಒಂಬತ್ತು ವರ್ಷದ ಮಕ್ಕಳು ಎರಡು ಪೀರಿಯಡುಗಳ ಕಾಲ ವಾದಿಸಿದರು. ಕೊನೆಗೆ 40 ಗೂಡುಗಳಿಂದ ನೂಲು ತೆಗೆಯುವುದು, 51ನ್ನು ಬಿಡುವುದು ಎಂದು ಕೈಯೆತ್ತಿ ತೀರ್ಮಾನಿಸಿದರು. ಇಬ್ಬರು ಮಾತ್ರ ಒಪ್ಪಲಿಲ್ಲ. ಅವರನ್ನು ಒತ್ತಾಯಪಡಿಸದೆ, ನೂಲು ತೆಗೆದ ದಿನ ಪುಸ್ತಕಾಲಯಕ್ಕೆ ಕಳುಹಿಸಲಾಯಿತು. ಹೊರಬಂದ ಚಿಟ್ಟೆಗಳ ದಿನಚರಿಯನ್ನು ಅವರೇ ಬರೆದರು. ಚಿಟ್ಟೆ ಏನನ್ನೂ ತಿನ್ನುವುದಿಲ್ಲ, ಕೆಲವೇ ದಿನ ಬದುಕಿ ನಾಲ್ಕೈದು ನೂರು ಮೊಟ್ಟೆಯಿಟ್ಟು ಸಾಯುತ್ತದೆ ಎಂದು ಕೊನೆಯ ಪುಟದಲ್ಲಿದೆ. ತೂತಾದ ಗೂಡುಗಳಿಂದ ಕಟ್ಟಿದ ಹಾರ ಈಗ ಆ ತರಗತಿಯ ಬಾಗಿಲಲ್ಲಿದೆ.

ಇಷ್ಟೆಲ್ಲ ಹೇಳಿದರೂ ಈ ಪದ್ಧತಿಯಿಂದ ಸಕಲವೂ ಸಾಧ್ಯವೆಂದು ನಾವು ಎಂದಿಗೂ ಹೇಳುವವರಲ್ಲ. ಮಗ್ಗಿಯನ್ನು ಹುಳು ಕಲಿಸುವುದಿಲ್ಲ. ಒತ್ತಕ್ಷರ, ಕಾಗುಣಿತ, ದುಂಡಾದ ಬರಹ ಇವು ದಿನದಿನದ ಅಭ್ಯಾಸದಿಂದಲೇ ಬರತಕ್ಕವು. ಹದಿನಾರಾಣೆಯ ರೂಪಾಯಿಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದ ನಮ್ಮ ಅತ್ಯಂತ ಹಿರಿಯ ವಿದ್ಯಾರ್ಥಿನಿಯರು (1957ರಲ್ಲಿ ನಯೇ ಪೈಸೆ ಬಂದ ಮೇಲೆ ಆ ಕಷ್ಟ ತಪ್ಪಿತು) ಈಗಿನ ಮಕ್ಕಳಿಗೆ ಬಾಯಿಲೆಕ್ಕ ಸಾಲದೆಂದು ದೂರುವುದುಂಟು. ಆ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದುದರಿಂದ ಬೆಳಿಗ್ಗೆ ಮೊದಲ ಅರ್ಧ ಗಂಟೆ ಮಗ್ಗಿಗೂ ಉಕ್ತಲೇಖನಕ್ಕೂ ಮೀಸಲು. ವರ್ಷಕ್ಕೆ ಮೂರು ಇಂಥ ಕೆಲಸಗಳಿಗಿಂತ ಹೆಚ್ಚು ಹೂಡುವುದೂ ಇಲ್ಲ.

ಇನ್ನು ತಾಯಿತಂದೆಗಳಿಗೆ ಸ್ಪಷ್ಟವಾಗಿ ಹೇಳಲೇಬೇಕಾದ ಒಂದು ಮಾತುಂಟು. ಈಚೆಗೆ ‘ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಬೇರೊಂದು ವಸ್ತು ಎಲ್ಲೆಡೆ ಪ್ರಚಾರದಲ್ಲಿದೆ. ಶಾಲೆಯ ಬಳಿಯ ಅಂಗಡಿಯಲ್ಲಿ ಥರ್ಮೋಕೋಲಿನ ಜ್ವಾಲಾಮುಖಿಯೂ, ಬಣ್ಣದ ಚಿತ್ರಗಳ ಹಾಳೆಯೂ ಸಿದ್ಧವಾಗಿ ದೊರೆಯುತ್ತವೆ. ರಾತ್ರಿ ಹನ್ನೊಂದರವರೆಗೆ ತಂದೆ ಕತ್ತರಿಸುವುದು, ತಾಯಿ ಅಂಟಿಸುವುದು, ಮಗು ನಿದ್ದೆಹೋಗುವುದು. ಬೆಳಿಗ್ಗೆ ಆಟೋದಲ್ಲಿ ಅದನ್ನು ಮುರಿಯದಂತೆ ಹಿಡಿದುಕೊಂಡು ಬರುವುದಷ್ಟೇ ಮಗುವಿನ ಪಾಲಿಗೆ ಬಂದ ಶಿಕ್ಷಣ. ಇದಕ್ಕೆ ಅಂಕಗಳನ್ನೂ ಕೊಡುತ್ತಾರೆ! ಆ ಅಂಕಗಳು ಯಾರಿಗೆ ಸಲ್ಲತಕ್ಕವೆಂಬುದನ್ನು ನೀವೇ ಯೋಚಿಸಿರಿ. ಮನೆಮನೆಗೆ ಪಾತ್ರೆ ತೊಳೆಯಲು ಹೋಗುವ ತಾಯಿಯೊಬ್ಬರು ಹಿಂದೆ ಬೇರೊಂದು ಶಾಲೆಯಲ್ಲಿ ಮಗಳ ಇಂಥ ಸಾಮಾನಿಗಾಗಿ ಸಾಲ ತಂದುದನ್ನು ನಮಗೆ ತಿಳಿಸಿದ್ದಾರೆ. ಸಾಲ ಹುಟ್ಟದ ತಿಂಗಳು ಆ ಮಗು ಹೊಟ್ಟೆನೋವೆಂದು ಶಾಲೆಗೇ ಹೋಗಲಿಲ್ಲವಂತೆ. ಹಣವಿದ್ದವರ ಮಗು ಮುಂದಿನ ಸಾಲಿನಲ್ಲಿಯೂ ಇಲ್ಲದವರ ಮಗು ಹೊಟ್ಟೆನೋವಿನಲ್ಲಿಯೂ ಇರುವಂಥ ಪಾಠಕ್ಕೆ ನಮ್ಮ ಶಾಲೆಯಲ್ಲಿ ಎಡೆಯಿಲ್ಲ. ಪ್ರಾಥಮಿಕ ವಿಭಾಗದ ಯಾವ ಕೆಲಸವೂ ಮನೆಗೆ ಹೋಗುವುದಿಲ್ಲ. ಬೇಕಾದ ಕಾಗದ, ಗೋಂದು, ತಕ್ಕಡಿ, ತಟ್ಟೆ ಎಲ್ಲವೂ ಶಾಲೆಯವು. ಮಾಡಿದ್ದು ವಕ್ರವಾಗಿದ್ದರೆ ವಕ್ರವಾಗಿಯೇ ಗೋಡೆಯ ಮೇಲೆ ಇರುತ್ತದೆ. ವಾರ್ಷಿಕೋತ್ಸವದಲ್ಲಿ ಅದನ್ನು ನೋಡಿ ಯಾರಾದರೂ ಮುಖ ಸಿಂಡರಿಸಿದರೆ ನಮಗೆ ಬೇಸರವಿಲ್ಲ.

ಮನೆಯಿಂದ ನಾವು ಬೇಡುವುದು ಬೇರೆ. ಬರುವ ಜೂನಿನಲ್ಲಿ ನಾಲ್ಕನೆಯ ತರಗತಿಯವರು ಮಳೆಯನ್ನು ಅಳೆಯಲಿದ್ದಾರೆ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ಖಾಲಿಯಾದ ಪಾರದರ್ಶಕ ಡಬ್ಬಿ ಮನೆಯಲ್ಲಿದ್ದರೆ ಕೊಟ್ಟು ಕಳುಹಿಸಿರಿ, ಇಲ್ಲದಿದ್ದರೆ ಕೊಳ್ಳಬೇಡಿರಿ. ಮರದ ನೆರಳಿಲ್ಲದ ಕಡೆ ಅದನ್ನಿಟ್ಟು, ಹವಾಮಾನ ಇಲಾಖೆಯವರ ಕ್ರಮದಂತೆ ಬೆಳಿಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆಯುವರು. ಆ ಹೊತ್ತಿಗೆ ಮಗುವನ್ನು ತಪ್ಪದೆ ಶಾಲೆಗೆ ಮುಟ್ಟಿಸಬೇಕು. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರಿಗೊಂದು ವಿಶೇಷ ಕೋರಿಕೆ: ಅಶ್ವಿನಿಯಿಂದ ಸ್ವಾತಿಯವರೆಗಿನ ಮಳೆಗಳ ಹೆಸರನ್ನೂ ನೀವು ಕಂಡ ಅತಿ ಜೋರಾದ ಮಳೆಯ ಸಂಗತಿಯನ್ನೂ ಮಕ್ಕಳು ಬಂದು ಕೇಳುವರು, ನಿಧಾನವಾಗಿ ಹೇಳಿರಿ, ಅವರು ಬರೆದುಕೊಳ್ಳುವುದು ಬಹಳ ಮೆಲ್ಲಗೆ.